ದೊಡ್ಡಸೊಸೆಯ ದನಿ

ಧಾರಾವಾಹಿ ಮುಗಿದು ವರ್ಷಗಳೇ ಕಳೆದಿದ್ದರೂ ಜನರ ಬಾಯಲ್ಲಿ ಅವಳು ಇನ್ನೂ ದೊಡ್ಡಸೊಸೆಯೇ. ತರಕಾರಿ ಅಂಗಡಿಯವನು, ಲಿಫ್ಟಿನಲ್ಲಿ ಸಿಗುವ ಮೇಲಿನ ಮನೆಯ ಹೆಂಗಸು, ಬ್ಯಾಂಕಿನ ಕೌಂಟರಿನಾಚೆ ಕೂತವರು, ಎಲ್ಲರಿಗೂ ಅವಳು ದೊಡ್ಡಸೊಸೆ. ಹಲ್ಲಿನ ಡಾಕ್ಟರಂತೂ ಅವಳ ದವಡೆ ಅಗಲಿಸಿ ಹಿಡಿದುಕೊಂಡೇ, “ಆ ಅತ್ತೆಗೆ ಒಂದ್ಸಲನಾದ್ರೂ ತಿರುಗಿ ಬೈಬೇಕಿತ್ತು ನೀವು” ಎಂದಿದ್ದರು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡವಳು ಏನು ತಾನೇ ಹೇಳಿಯಾಳು? ಸುಮ್ಮನೆ ಕಣ್ಣು ಮಿಟುಕಿಸಿದಳು.

ಇಪ್ಪತ್ತು ತುಂಬುವ ಮೊದಲೇ ಆ ಮನೆಯ ಸೊಸೆಯಾದವಳು ಹೊರಗೆ ಬರುವಷ್ಟರಲ್ಲಿ ಮೂವತ್ತು ದಾಟಿತ್ತು. ಮನೆ ಎಂದರೆ ಸೆಟ್ಟಿನ ಮನೆ; ಪ್ಲೈವುಡ್ಡಿನ ಗೋಡೆ, ಬಣ್ಣ ಬಳಿದ ಥರ್ಮೋಕೋಲಿನ ಕಂಬ, ಎಲ್ಲಿಗೂ ಹೋಗದ ಒಂದು ಮೆಟ್ಟಿಲು. ಅತ್ತೆಯ ಮಾತಿಗೆ ನೊಂದು ಅಳುತ್ತ ಮೆಟ್ಟಿಲು ಹತ್ತಿ ಓಡಿದರೆ ಮೇಲೆ ಸಿಗುತ್ತಿದ್ದದ್ದು ಒಂದು ಹಲಗೆ, ಅದರ ಮೇಲೊಂದು ಫ್ಯಾನು. ಕೆಳಗಿನವರು “ಕಟ್” ಎನ್ನುವವರೆಗೂ ಆ ಹಲಗೆಯ ಮೇಲೆ ತುಟಿಪಿಟಿಕ್ಕೆನ್ನದೆ ನಿಂತಿರಬೇಕು. ಅಷ್ಟು ವರ್ಷಗಳಲ್ಲಿ ಅವಳಿಗೆ ದಕ್ಕಿದ ಏಕಾಂತವೆಂದರೆ ಅದೊಂದೇ.

ಗುರುತು ಹಿಡಿದು ಆಸೆಯಿಂದ ಹತ್ತಿರ ಬಂದವರ ಮುಖ, ಅವಳು ಬಾಯಿ ತೆರೆದೊಡನೆ ಸಪ್ಪಗಾಗುತ್ತಿತ್ತು. “ಶೀತ ಆಗಿದೆಯಾ?” ಎಂದು ಕೇಳುತ್ತಿದ್ದರು. ಶೀತವಲ್ಲ, ಅವಳ ದನಿಯೇ ಹಾಗೆ, ಹುಟ್ಟಿದಾಗಿನಿಂದ ಒಡಕು. ಮರದ ಬೆಂಚನ್ನು ಸಿಮೆಂಟಿನ ಮೇಲೆ ಎಳೆದ ಹಾಗಿದೆ ಎಂದು ಶಾಲೆಯ ಟೀಚರೊಬ್ಬರು ಹೇಳಿದ್ದುಂಟು. ಟೀವಿಯಲ್ಲಿ ದೊಡ್ಡಸೊಸೆ ಮಾತಾಡುತ್ತಿದ್ದದ್ದು ಬೇರೊಬ್ಬ ಹೆಂಗಸಿನ ಗಂಟಲಿನಿಂದ. ಸ್ಟುಡಿಯೋದವರೆಲ್ಲ ಆಕೆಯನ್ನು ಡಬ್ಬಿಂಗಕ್ಕ ಎನ್ನುತ್ತಿದ್ದರು. ದೊಡ್ಡಸೊಸೆ ಸೆಟ್ಟಿನಲ್ಲಿ ತನ್ನ ಒಡಕು ದನಿಯಲ್ಲಿ ಮಾತಾಡಿ, ಅತ್ತು, ಮುಖ ತೊಳೆದುಕೊಂಡು ಮನೆಗೆ ಹೋದ ಮೇಲೆ, ಊರಿನ ಇನ್ನೊಂದು ತುದಿಯ ಗಾಳಿಯಾಡದ ಕೋಣೆಯಲ್ಲಿ ಡಬ್ಬಿಂಗಕ್ಕ ತೆರೆಯ ಮೇಲಿನ ಅವಳ ತುಟಿಯನ್ನೇ ನೋಡುತ್ತ ಅದೇ ಮಾತುಗಳನ್ನು ಮತ್ತೆ ಆಡುತ್ತಿದ್ದಳು. ಒಡಕು ದನಿಯನ್ನು ಅಳಿಸಿ ಆ ಜಾಗಕ್ಕೆ ಡಬ್ಬಿಂಗಕ್ಕನ ದನಿ ಕೂರಿಸುತ್ತಿದ್ದರು. ಕೇಳಿದವರು ಕರಗಿ ನೀರಾಗುವಂಥ ದನಿ ಅದು. ಇಬ್ಬರೂ ಎದುರುಬದುರಾದದ್ದು ಮಾತ್ರ ಅಪರೂಪ. ಸಿಕ್ಕಾಗ “ಹೇಗಿದ್ದೀರಿ ಅಕ್ಕ?”, “ನೀನು ಹೇಗಿದ್ದೀಯ?” ಎನ್ನುವಷ್ಟು. ಎಂಥ ಸೆಕೆಯಲ್ಲೂ ಡಬ್ಬಿಂಗಕ್ಕ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡೇ ಇರುತ್ತಿದ್ದಳು.

ದೊಡ್ಡಸೊಸೆಯ ತಾಯಿಗೆ ಈ ವ್ಯವಸ್ಥೆಯನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹತ್ತಲಿಲ್ಲ. ಅಥವಾ ಹತ್ತಿಸಿಕೊಳ್ಳುವ ಮನಸ್ಸೇ ಆಕೆಗಿರಲಿಲ್ಲ.

“ಟೀವೀಲಿ ಅಷ್ಟು ಚೆನ್ನಾಗಿ ಮಾತಾಡ್ತೀಯ. ಮನೆಗೆ ಬಂದ್ರೆ ಯಾಕೆ ಹೀಗೆ ಗೊರಗೊರ ಅಂತೀಯ?”

“ಅದು ನಾನಲ್ಲ ಅಮ್ಮ, ಎಷ್ಟು ಸಲ ಹೇಳ್ಲಿ?”

“ನೀನಲ್ದೆ ಮತ್ತೆ ನಾನಾ? ನಾನು ಹೆತ್ತ ಮುಖ ನಂಗೆ ಗೊತ್ತಿಲ್ವಾ?”

ಇಂಥವಳು ಸಿನಿಮಾ ಮಾಡಲು ಹೊರಟದ್ದು ಒಂದು ದಿನದ ಹುಚ್ಚಿನಿಂದಲ್ಲ. ಧಾರಾವಾಹಿಯ ನಟಿಗೆ ಅಳುವುದಕ್ಕಿಂತ ಕಾಯುವ ಕೆಲಸವೇ ಜಾಸ್ತಿ. ಲೈಟು ಸರಿಯಾಗುವವರೆಗೆ ಕಾಯಬೇಕು, ಅತ್ತೆಯ ಮೇಕಪ್ಪು ಮುಗಿಯುವವರೆಗೆ ಕಾಯಬೇಕು, ಹೋದ ಕರೆಂಟು ಬರುವವರೆಗೆ ಕಾಯಬೇಕು. ಉಳಿದವರು ಆ ಹೊತ್ತಿನಲ್ಲಿ ಮೊಬೈಲಿಗೆ ಕಣ್ಣು ನೆಟ್ಟಿದ್ದರೆ ಅವಳು ಕ್ಯಾಮೆರಾದ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಆಗಿನ ನಿರ್ದೇಶಕ ರೇಗುತ್ತಿದ್ದ: “ಲೆನ್ಸು ಗಿನ್ಸು ನಿನಗ್ಯಾಕಮ್ಮ? ನೀನು ನಿನ್ನ ಅಳು ನೋಡ್ಕೋ.” ಅವಳು ಅಳುವನ್ನೂ ನೋಡಿಕೊಂಡಳು, ಲೆನ್ಸನ್ನೂ ಕಲಿತಳು. ರಜೆ ಸಿಕ್ಕ ದಿನ ಎಡಿಟಿಂಗ್ ಕೋಣೆಯ ಮೂಲೆ ಹಿಡಿದು ಕೂತು, ತನ್ನದೇ ಮುಖವನ್ನು ಎಲ್ಲಿ ಕತ್ತರಿಸುತ್ತಾರೆ, ಯಾಕೆ ಕತ್ತರಿಸುತ್ತಾರೆ ಎಂದು ನೋಡಿದಳು.

ಧಾರಾವಾಹಿ ಮುಗಿದ ಮೇಲೆ ಒಂದು ಕಥೆ ಬರೆದು ಕಚೇರಿಯಿಂದ ಕಚೇರಿಗೆ ಅಲೆದಳು. ಅಪ್ಪ ತೀರಿಕೊಂಡ ಮೇಲೆ ಅವನ ಇಸ್ತ್ರಿ ಅಂಗಡಿಯನ್ನು ನಡೆಸುವ ಹುಡುಗಿಯೊಬ್ಬಳ ಕಥೆ. ಅದರಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ, ಕೊನೆಗೆ ಮದುವೆಯೂ ಇಲ್ಲ. ಕೇಳಿದವರು ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಆಕಳಿಸಿ, ಒಂದೇ ಪ್ರಶ್ನೆ ಕೇಳುತ್ತಿದ್ದರು: “ನೀವೇ ಆಕ್ಟ್ ಮಾಡ್ತೀರಾ?” ಇಲ್ಲ ಎಂದರೆ ಟೀ ಕುಡಿಸಿ ಕಳಿಸುತ್ತಿದ್ದರು. ಹಾಗೆ ಕುಡಿದ ಟೀಯಿಂದ ಅವಳಿಗೆ ಹೊಟ್ಟೆನೋವು ಶುರುವಾಗಿತ್ತು.

ಕೊನೆಗೆ ಸಿಕ್ಕವನು ಟೈಲ್ಸ್ ಅಂಗಡಿಯ ಯಜಮಾನ. ಕಥೆಯನ್ನು ಅವನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. “ನೋಡಿಯಮ್ಮ, ನೀವು ಟೀವೀಲಿ ಅತ್ರೆ ನಮ್ಮನೆಯವಳೂ ಕೂತು ಅಳೋಳು. ಒಲೆ ಮೇಲಿಟ್ಟಿದ್ದೆಲ್ಲ ಸೀದು ಹೋಗೋದು. ನಿಮ್ಮ ಕೈಲಿ ಬೇರೆ ಕೆಲಸ ಮಾಡ್ಸಿದ್ರೆ ನನಗೆ ಹೊತ್ತಿಗೆ ಸರಿಯಾಗಿ ಊಟ ಆದ್ರೂ ಸಿಗತ್ತೆ” ಎಂದು ನಕ್ಕ. ನಕ್ಕರೂ ಕೈಬಿಡಲಿಲ್ಲ.

ಇಸ್ತ್ರಿ ಅಂಗಡಿಯ ಹುಡುಗಿಯ ಪಾತ್ರಕ್ಕೆ ಅವಳು ಊರೆಲ್ಲ ಜಾಲಾಡಿದ್ದಳು. ಸಿಕ್ಕದ್ದು ತಲೆನೋವಿನ ಮಾತ್ರೆಗೆಂದು ಹೋದ ಔಷಧಿ ಅಂಗಡಿಯಲ್ಲಿ. ಕೌಂಟರಿನ ಹಿಂದೆ ನಿಂತ ಹುಡುಗಿ ಮೂಗಿನಲ್ಲಿ ಏನೋ ಹೇಳಿದಳು. ಮಾತಿನ ಕೊನೆಯನ್ನು ನುಂಗಿಬಿಡುವ ಅಭ್ಯಾಸ.

“ಏನಂದ್ರಿ?” ಎಂದಳು ದೊಡ್ಡಸೊಸೆ.

ಹುಡುಗಿ ಮತ್ತೆ ಹೇಳಿದಳು. ಮತ್ತೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಕೇಳಿದಾಗ ಹುಡುಗಿ ತಲೆಯೆತ್ತಿ, ದಿನವಿಡೀ ನಿಂತು ಕಾಲು ಸೋತವರ ಸಿಡುಕಿನಲ್ಲಿ, “ಊಟ ಆದ್ಮೇಲೆ ಅಂದೆ” ಎಂದಳು. ಆ ಮೂಗುದನಿ, ಆ ಸಿಡುಕು, ಇವೆರಡನ್ನೂ ಬಿಟ್ಟು ಬರಲು ದೊಡ್ಡಸೊಸೆಗೆ ಆಗಲಿಲ್ಲ. ಮರುದಿನ ಮತ್ತೆ ಹೋಗಿ, ಬೇಡದ ಕೆಮ್ಮಿನ ಔಷಧಿ ಕೊಂಡು, ಮಾತು ತೆಗೆದಳು.

ಶೂಟಿಂಗಿನಲ್ಲಿ ಅವಳು ಹಣ್ಣಾಗಿಹೋದಳು. ನಿಜವಾದ ಓಣಿ, ನಿಜವಾದ ಇಸ್ತ್ರಿ ಅಂಗಡಿ. ಉಗಿ ಬಿಡುವ ಇಸ್ತ್ರಿಪೆಟ್ಟಿಗೆಯ ಪಕ್ಕ ಕ್ಯಾಮೆರಾ ಇಟ್ಟರೆ ಮತ್ತೊಬ್ಬರು ಉಸಿರಾಡಲೂ ಜಾಗವಿಲ್ಲ. ಹೊರಗೆ ನೆರೆದವರು ಸಿನಿಮಾದ ಹುಡುಗಿಯನ್ನು ನೋಡಲೇ ಇಲ್ಲ. “ದೊಡ್ಡಸೊಸೆ, ಒಂದ್ಸಲ ಅತ್ತು ತೋರ್ಸಿ!” ಎಂದು ಕೂಗಿದರು. ಅವಳು ತನ್ನ ದನಿಯಲ್ಲಿ “ಸೈಲೆನ್ಸ್” ಎಂದು ಕೂಗಿದರೆ ಓಣಿಯ ತುದಿಗೆ ಮುಟ್ಟುತ್ತಲೇ ಇರಲಿಲ್ಲ. ಲೈಟಿನವರು ತಮಾಷೆ ಮಾಡಿದರು: “ಮೇಡಂ, ನಿಮ್ಮ ಆರ್ಡರಿಗೂ ಡಬ್ಬಿಂಗ್ ಮಾಡ್ಸಿ.” ಅವಳೂ ನಕ್ಕಳು. ನಗದಿದ್ದರೆ ಕೆಲಸ ಸಾಗುತ್ತಿರಲಿಲ್ಲವಲ್ಲ.

ಹೇಗೋ ಎಲ್ಲ ಮುಗಿದು, ಎಡಿಟಿಂಗೂ ಮುಗಿಯಿತು. ಯಜಮಾನ ಒಬ್ಬ ಹಂಚಿಕೆದಾರನನ್ನು ಕರೆತಂದು ಸಿನಿಮಾ ತೋರಿಸಿದ. ದೀಪ ಹತ್ತಿದ ಮೇಲೆ ಹಂಚಿಕೆದಾರ ಕನ್ನಡಕ ಒರೆಸಿಕೊಂಡ. “ಚೆನ್ನಾಗಿದೆ. ಸುಳ್ಳು ಹೇಳಲ್ಲ, ಚೆನ್ನಾಗೇ ಇದೆ. ಆದ್ರೆ ಆ ಹುಡುಗಿ ದನಿ ಏನಮ್ಮ ಅದು? ಮೂಗಿಗೆ ಬಟ್ಟೆ ಒಣಗ್ಸೋ ಕ್ಲಿಪ್ ಹಾಕಿದ ಹಾಗೆ. ಅದೊಂದು ಬದಲಾಯಿಸಿ, ನಾನು ತಗೋತೀನಿ” ಎಂದು ಎದ್ದುಹೋದ.

ಯಜಮಾನ ಅವಳ ಕಡೆ ತಿರುಗಿದ. ಒತ್ತಾಯದ ಮುಖವಲ್ಲ, ಬೇಡಿಕೊಳ್ಳುವ ಮುಖ. “ನಿಮಗೂ ಮಾಡಿದ್ರಲ್ಲಮ್ಮ ಹಾಗೆ. ಅದ್ರಿಂದ ನಿಮಗೇನು ಕೆಟ್ಟದ್ದಾಯ್ತು?”

ಅವಳಿಗೆ ಹೇಳಲು ಬೇಕಾದಷ್ಟಿತ್ತು. ಆದರೆ ಬೆಳಿಗ್ಗೆಯಿಂದ ಆ ಕತ್ತಲೆ ಕೋಣೆಯಲ್ಲಿ ಕೂತು ಸೊಂಟ ಹಿಡಿದುಕೊಂಡಿತ್ತು. ಎರಡು ವರ್ಷದಿಂದ ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳಿ ಹೇಳಿ ನಾಲಿಗೆ ಮರಗಟ್ಟಿತ್ತು. “ನೋಡೋಣ ಸರ್” ಎಂದಳು. ನೋಡೋಣ ಎಂದರೆ ಆಯಿತು ಎಂದೇ ಅರ್ಥ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಹುಡುಗಿಗೆ ಫೋನಿನಲ್ಲೇ ಹೇಳಿದಳು. ಎದುರಿಗೆ ಕೂತು ಹೇಳುವ ಮುಖವಿರಲಿಲ್ಲ.

“ನನ್ನ ದನಿ ಕೇಳಿನೇ ಅಲ್ವಾ ಮೇಡಂ, ನೀವು ನನ್ನ ಕರ್ಕೊಂಡು ಬಂದಿದ್ದು?” ಎಂದಳು ಹುಡುಗಿ. ಅದರಲ್ಲಿ ದೂರಿರಲಿಲ್ಲ, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೇಳುವವರ ಹಾಗೆ ಕೇಳಿದಳು.

“ಹೌದು. ಆದ್ರೆ ಕೊಳ್ಳೋರು ಒಪ್ತಿಲ್ಲ.”

“ಸರಿ ಮೇಡಂ.” ಆಚೆಯಿಂದ ಗಾಜಿನ ಬಾಗಿಲು ತೆರೆದ ಸದ್ದು ಬಂತು. “ಯಾರೋ ಬಂದ್ರು, ಇಡ್ತೀನಿ.”

ದೊಡ್ಡಸೊಸೆಗೆ ಮೊದಲ ಸಲ ‘ನಿನ್ನ ದನಿ ಬೇಡ’ ಎಂದು ಹೇಳಿದಾಗ ಅವಳೂ ಇಷ್ಟೇ ಹೇಳಿದ್ದಳು, ‘ಸರಿ ಸರ್’ ಎಂದು. ಆಮೇಲೆ ಸ್ಟುಡಿಯೋದ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ತನ್ನ ಹೆಸರನ್ನೇ ಗಟ್ಟಿಯಾಗಿ ಹೇಳಿಕೊಂಡು ನೋಡಿದ್ದಳು, ಅಷ್ಟೊಂದು ಕೆಟ್ಟದಾಗಿದೆಯಾ ಎಂದು.

ಬೇರೆ ಯಾರನ್ನು ಕರೆಯುವುದು? ಡಬ್ಬಿಂಗಕ್ಕನಿಗೇ ಹೇಳಿ ಕಳಿಸಿದಳು. ಮರುದಿನ ಡಬ್ಬಿಂಗಕ್ಕ ಮನೆಯ ಫೋನಿಗೆ ಕರೆ ಮಾಡಿದಳು. ತಾಯಿ ಎತ್ತಿಕೊಂಡರು. ತಾಯಿಗೆ ತಿಳಿಯದೆ ಬಂದು ಪಕ್ಕದ ಕೋಣೆಯಲ್ಲಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದ ದೊಡ್ಡಸೊಸೆಗೆ ತಾಯಿಯ ಮಾತು ಕೇಳಿಸುತ್ತಿತ್ತು.

“ಬಂಗಾರ, ನೀನಾ! ಎಲ್ಲಿದ್ದೀಯ? ಊಟ ಆಯ್ತಾ?” ತಾಯಿಯ ದನಿ ಒಮ್ಮೆಲೇ ಅರಳಿತು. “ಎಷ್ಟು ದಿನ ಆಯ್ತು ನೀನು ಹೀಗೆ ಚೆನ್ನಾಗಿ ಮಾತಾಡಿ! ಮನೇಲಿ ಬಾಯಿ ಬಿಟ್ರೆ ಸಿಡಿಸಿಡಿ ಅಂತೀಯ. ನಿದ್ದೆ ಇಲ್ಲ, ಹೊತ್ತಿಗೆ ಸರಿಯಾಗಿ ತಿನ್ನಲ್ಲ. ಕಣ್ಣಿನ ಕೆಳಗೆ ನೋಡ್ಕೊಂಡಿದ್ದೀಯಾ ಕನ್ನಡೀಲಿ? ಸಾಕು ಕಣೆ ಆ ಸಿನಿಮಾ. ನಿನ್ನ ಹೀಗೆ ನೋಡೋಕೆ ನನ್ನ ಕೈಲಿ ಆಗಲ್ಲ… ಹ್ಞಾಂ? ಏನು? …ಹೂಂ, ಹೂಂ. ಆಯ್ತು ಬಂಗಾರ. ಹಾಗಾದ್ರೆ ಮಾತು ಕೊಟ್ಟೆ ನೋಡು.”

ದೊಡ್ಡಸೊಸೆ ಎದ್ದು ಹೊರಗೆ ಬಂದಳು. ತಾಯಿ ಮಗಳನ್ನು ನೋಡಿದರು, ಕೈಯಲ್ಲಿದ್ದ ಫೋನನ್ನು ನೋಡಿದರು. ಅಷ್ಟು ವರ್ಷ ತಲೆಗೆ ಹತ್ತದಿದ್ದದ್ದು ಆಗ ಹತ್ತಿರಬೇಕು. ಫೋನನ್ನು ಮಗಳ ಕೈಗಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಅಡುಗೆಮನೆಗೆ ನಡೆದರು.

“ಅಕ್ಕ,” ಎಂದಳು ದೊಡ್ಡಸೊಸೆ, “ಏನಂತ ಮಾತು ಕೊಟ್ರಿ ನಮ್ಮಮ್ಮಂಗೆ?”

“ನಿದ್ದೆ ಮಾಡ್ತೀನಿ ಅಂತ,” ಎಂದಳು ಡಬ್ಬಿಂಗಕ್ಕ. “ಪಾಪ, ಅಷ್ಟು ಪ್ರೀತಿಯಿಂದ ಮಾತಾಡ್ತಿದ್ರು. ನಾನಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಸರಿ, ಯಾವತ್ತು ಬರ್ಲಿ?”

ಡಬ್ಬಿಂಗ್ ಕೋಣೆ ಮೊದಲಿನ ಹಾಗೆಯೇ ಇತ್ತು. ಗೋಡೆಗೆ ತೂತು ತೂತಿನ ಹಲಗೆ, ನಡುವೆ ಮೈಕು, ಮೈಕಿನ ಮುಂದೆ ತೆರೆ. ದೊಡ್ಡಸೊಸೆ ಗಾಜಿನ ಈಚೆ, ಸೌಂಡ್ ಎಂಜಿನಿಯರನ ಪಕ್ಕ ಕೂತಳು. ಡಬ್ಬಿಂಗಕ್ಕ ಚಪ್ಪಲಿ ಬಿಟ್ಟು, ಫ್ಲಾಸ್ಕಿನಿಂದ ಬಿಸಿನೀರು ಕುಡಿದು, ಹೆಡ್‌ಫೋನು ಹಾಕಿಕೊಂಡು ನಿಂತಳು. ಕೂದಲು ಪೂರ್ತಿ ನೆರೆತಿತ್ತು. ದನಿಗೆ ಮಾತ್ರ ಒಂದು ಸುಕ್ಕೂ ಬಿದ್ದಿರಲಿಲ್ಲ.

ಸಿನಿಮಾದಲ್ಲಿ ಒಂದು ದೃಶ್ಯವಿದೆ. ಅಪ್ಪ ಸತ್ತು ಕೆಲವು ದಿನಗಳಾಗಿವೆ. ಹಳೆಯ ಗಿರಾಕಿಯೊಬ್ಬ ಊರಿಂದ ಬಂದು, ವಿಷಯ ತಿಳಿಯದೆ, “ಅಪ್ಪ ಎಲ್ಲಮ್ಮ?” ಎನ್ನುತ್ತಾನೆ. ಹುಡುಗಿ ಇಸ್ತ್ರಿ ಉಜ್ಜುತ್ತಲೇ ಅಭ್ಯಾಸಬಲದಿಂದ “ಈಗ ಬರ್ತಾರೆ, ಕೂತ್ಕೊಳ್ಳಿ” ಎಂದುಬಿಡುತ್ತಾಳೆ. ಆಮೇಲೆ ಕೈ ನಿಲ್ಲುತ್ತದೆ. ಔಷಧಿ ಅಂಗಡಿಯ ಹುಡುಗಿ ಆ ಮಾತನ್ನು ಹೇಳಿದ್ದು ಸೊಳ್ಳೆ ಓಡಿಸುವ ಹಾಗೆ; ಕೊನೆಯ ಶಬ್ದ ಗಂಟಲೊಳಗೇ ಉಳಿದಿತ್ತು. ಡಬ್ಬಿಂಗಕ್ಕ ಅದನ್ನು ಕೇಳಿಸಿಕೊಂಡಳು, ತಲೆಯಾಡಿಸಿದಳು, ಹೇಳಿದಳು. ‘ಬರ್ತಾರೆ’ಯಲ್ಲಿ ಒಂದು ಕೂದಲೆಳೆಯಷ್ಟು ನಡುಕ. ಎಂಜಿನಿಯರ್ ಕಣ್ಣೊರೆಸಿಕೊಂಡ. “ಒಂದೇ ಟೇಕು! ಏನು ಗಂಟಲು ಮೇಡಂ ಇದು” ಎಂದ.

ದೊಡ್ಡಸೊಸೆಯ ಕಣ್ಣೂ ಒದ್ದೆಯಾಯಿತು. ಆದರೆ ತೆರೆಯ ಮೇಲೆ ಈಗ ಇಸ್ತ್ರಿ ಅಂಗಡಿಯ ಹುಡುಗಿ ಇರಲಿಲ್ಲ. ಇದ್ದವಳು ದೊಡ್ಡಸೊಸೆ. ಅದೇ ನಡುಕದಲ್ಲಿ ಅವಳು ಅತ್ತೆಯ ಕ್ಷಮೆ ಕೇಳಿದ್ದಳು, ಗಂಡನನ್ನು ಬೇಡಿಕೊಂಡಿದ್ದಳು, ಮೆಟ್ಟಿಲು ಹತ್ತಿ ಓಡಿದ್ದಳು.

ನಡುವೆ ಟೀ ಕುಡಿಯಲು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಡಬ್ಬಿಂಗಕ್ಕ ಟೀ ಮುಟ್ಟಲಿಲ್ಲ, ಬಿಸಿನೀರೇ ಸಾಕೆಂದಳು.

“ಒಂದು ವಿಷಯ ಗೊತ್ತಾ ನಿನಗೆ?” ಎಂದಳು. “ನಿನ್ನ ದನಿ ಕೇಳಿದ್ದು ನಾನೊಬ್ಬಳೇ. ಹೆಡ್‌ಫೋನ್ ಹಾಕ್ಕೊಂಡ್ರೆ ಮೊದ್ಲು ನಿಂದೇ ದನಿ ಬರೋದು. ಅದನ್ನ ಕೇಳ್ಕೊಂಡು, ಅದನ್ನ ಬಿಟ್ಟು, ನನ್ನದು ಹೇಳ್ಬೇಕು. ಮಗು ಸತ್ತ ಎಪಿಸೋಡ್ ನೆನಪಿದೆಯಾ? ಅವತ್ತು ನೀನು ಅತ್ತಿದ್ದು ನಾಯಿ ಊಳಿಟ್ಟ ಹಾಗಿತ್ತು. ಕೇಳಿ ನನ್ನ ಕೈಕಾಲು ತಣ್ಣಗಾಯ್ತು. ಮನೆಗೆ ಹೋಗ್ತೀನಿ, ಇವತ್ತು ಆಗಲ್ಲ ಅಂದೆ. ಮರುದಿನ ಬಂದು ಅದನ್ನೇ ನೀಟಾಗಿ ಅತ್ತುಕೊಟ್ಟೆ.”

ದೊಡ್ಡಸೊಸೆ ಟೀ ಲೋಟ ಕೆಳಗಿಟ್ಟಳು. “ಯಾಕೆ ಯಾರಿಗೂ ಹೇಳ್ಲಿಲ್ಲ ಅಕ್ಕ?”

“ಹೇಳಿ? ಅವಳ ದನಿನೇ ಇರ್ಲಿ ಬಿಡಿ, ನಾನು ಮನೇಲಿರ್ತೀನಿ ಅಂತ ಹೇಳ್ಲಾ?” ಡಬ್ಬಿಂಗಕ್ಕ ಮಫ್ಲರು ಸರಿ ಮಾಡಿಕೊಂಡಳು. “ನನಗೂ ಹೊಟ್ಟೆ ಇದೆ ಕಣೆ.”

“ಈ ಹುಡುಗಿದು ಹೇಗಿದೆ?”

“ನಿನ್ನದಕ್ಕಿಂತ ಕೆಟ್ಟದಾಗಿದೆ. ನಡಿ, ಗಂಟಲು ಬಿಸಿ ಇರೋವಾಗ್ಲೇ ಮುಗಿಸ್ಬಿಡೋಣ.”

ಮುಗಿಯಿತು. ದನಿ ಕೂರಿಸಿದ ಸಿನಿಮಾವನ್ನು ದೊಡ್ಡಸೊಸೆ ಎಡಿಟರನ ಜೊತೆ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಎಲ್ಲಿಯೂ ಎಡವುವ ಹಾಗಿರಲಿಲ್ಲ. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗೆ ನುಣ್ಣಗಿತ್ತು. ಮನೆಗೆ ಹೋಗಿ ಹಾಸಿಗೆಗೆ ಬಿದ್ದವಳು ಮರುದಿನ ಮಧ್ಯಾಹ್ನದವರೆಗೂ ಎದ್ದೇಳಲಿಲ್ಲ. ಎದ್ದವಳೇ ಯಜಮಾನನಿಗೆ ಫೋನು ಮಾಡಿ, ಹುಡುಗಿಯ ದನಿಯನ್ನೇ ಇಡುತ್ತೇನೆ ಎಂದಳು. ಅದನ್ನು ಧೈರ್ಯವೆಂದು ಕರೆದರೆ ಅವಳೇ ನಕ್ಕಾಳು. ಡಬ್ಬಿಂಗಕ್ಕನ ದನಿಯಲ್ಲಿ ಮತ್ತೊಂದು ಸಲ ಬದುಕುವ ತ್ರಾಣ ಅವಳಲ್ಲಿರಲಿಲ್ಲ, ಅಷ್ಟೆ.

ಯಜಮಾನ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. “ನಾನು ಟೈಲ್ಸ್ ಮಾರೋನಮ್ಮ,” ಎಂದ. “ಗಿರಾಕಿ ಬೇಡ ಅಂದಿದ್ದನ್ನ ಗೋಡೆಗೆ ಅಂಟಿಸೋದು ಹೇಗೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಅಂಟಿಸ್ಕೊಳ್ಳಿ. ನಾನು ಅಡ್ಡ ಬರಲ್ಲ. ಇನ್ನೊಂದು ಪಿಕ್ಚರ್ ಅಂತ ಮಾತ್ರ ನಮ್ಮಂಗಡಿ ಮೆಟ್ಟಿಲು ಹತ್ಬೇಡಿ.”

ಡಬ್ಬಿಂಗಕ್ಕನಿಗೆ ಮಾತ್ರ ಫೋನಿನಲ್ಲಿ ಹೇಳಬಾರದು ಎಂದುಕೊಂಡು ಮನೆಗೇ ಹೋದಳು. ಡಬ್ಬಿಂಗಕ್ಕ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ.

“ದುಡ್ಡು ಬಂತು ಬಿಡು, ಅದರ ಮಾತಿಲ್ಲ,” ಎಂದಳು. “ಹಾಗಾದ್ರೆ ನಾನು ಮಾಡಿದ್ದು ಕಸ.”

“ಕಸ ಅಲ್ಲ ಅಕ್ಕ. ನೀವು ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ…”

“ಬೆಣ್ಣೆ ಹಚ್ಬೇಡ.” ಆ ಜೇನಿನಂಥ ದನಿಯಲ್ಲಿ ಸಿಟ್ಟು ಬಂದರೆ ಹೇಗಿರುತ್ತದೆ ಎಂದು ದೊಡ್ಡಸೊಸೆ ಅಲ್ಲಿಯವರೆಗೆ ಕೇಳಿರಲಿಲ್ಲ. ಧಾರಾವಾಹಿಯ ಸೊಸೆಗೆ ಯಾರೂ ಸಿಟ್ಟು ಬರೆದಿರಲಿಲ್ಲವಲ್ಲ. “ಅಷ್ಟು ವರ್ಷ ಮುಖ ನಿಂದು, ಹೆಸರು ನಿಂದು. ಆ ಪ್ರಶಸ್ತಿ ಕೊಟ್ರಲ್ಲ ನಿನಗೆ, ಅವತ್ತು ವೇದಿಕೆ ಮೇಲೆ ಮೇಕಪ್ಪಿನವನ ಹೆಸರು ಹೇಳ್ದೆ, ಡ್ರೈವರ್ ಹೆಸರು ಹೇಳ್ದೆ. ನಾನು ಮನೇಲಿ ಟೀವಿ ಮುಂದೆ ಕೂತಿದ್ದೆ. ಈಗ ಯಾವುದೋ ಹುಡುಗಿಗೆ ನ್ಯಾಯ ಮಾಡ್ತೀಯ. ಮಾಡು, ಒಳ್ಳೇದೇ. ಆದ್ರೆ ಅದಕ್ಕೂ ನನ್ನ ಗಂಟಲನ್ನೇ ಒತ್ತಬೇಕಿತ್ತಾ?”

ದೊಡ್ಡಸೊಸೆ ಬಟ್ಟೆಯ ಬುಟ್ಟಿಯ ಒಂದು ಕಡೆ ಹಿಡಿದುಕೊಳ್ಳಲು ಕೈ ಚಾಚಿದಳು. ಡಬ್ಬಿಂಗಕ್ಕ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಕೆಳಗಿಳಿದು ಹೋದಳು.

ಸಿನಿಮಾ ನಾಲ್ಕಾರು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು, ಅದೂ ಬೆಳಗಿನ ಆಟಕ್ಕೆ. ನೋಡಿದ ಕೆಲವರು ಮೆಚ್ಚಿ ಮಾತಾಡಿದರು. ಪತ್ರಿಕೆಯೊಂದು ‘ದೊಡ್ಡಸೊಸೆಯ ಹೊಸ ಅವತಾರ’ ಎಂದು ಬರೆದು ಅವಳ ಧಾರಾವಾಹಿಯ ಕಾಲದ ಫೋಟೋ ಹಾಕಿತು. ತಾಯಿ ಮಧ್ಯಂತರದವರೆಗೆ ನೋಡಿ ಆಮೇಲೆ ನಿದ್ದೆ ಹೋದರು. ಎದ್ದು, “ತಂಪಾಗಿತ್ತು, ಒಳ್ಳೆ ನಿದ್ದೆ ಬಂತು” ಎಂದರು. ಔಷಧಿ ಅಂಗಡಿಯ ಹುಡುಗಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ತೆರೆಯ ಮೇಲೆ ತನ್ನ ಮೂಗುದನಿ ಹೊರಟಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ತಾತ ಹಾಲಿಗೆಲ್ಲ ಕೇಳುವಂತೆ, “ಮನೇಲೂ ಇವಳು ಹೀಗೇ ಗೊಣಗೋದು! ಇದಕ್ಕೆ ಟಿಕೆಟ್ ಬೇರೆ!” ಎಂದ. ಹುಡುಗಿ ಬೆರಳ ಸಂದಿಯಿಂದ ನೋಡುತ್ತ ನಕ್ಕಳು. ಎರಡು ವರ್ಷದ ದಣಿವಿಗೆ ದೊಡ್ಡಸೊಸೆ ಪಡೆದದ್ದು ಏನೆಂದು ಕೇಳಿದರೆ ಅವಳು ಆ ನಗುವನ್ನೇ ತೋರಿಸಬೇಕು. ಮುಂದಿನ ವಾರ ಸಿನಿಮಾ ಇರಲಿಲ್ಲ. ಹುಡುಗಿ ಮತ್ತೆ ಕೌಂಟರಿನ ಹಿಂದೆ ನಿಂತಳು.

ಕೆಲವು ತಿಂಗಳು ದೊಡ್ಡಸೊಸೆ ಏನೂ ಮಾಡಲಿಲ್ಲ. ಮಾಡುವ ಮನಸ್ಸೂ ಇರಲಿಲ್ಲ. ಆಮೇಲೆ ಒಂದು ಚಾನೆಲ್ಲಿನವರು ಕರೆದು ಹೊಸ ಧಾರಾವಾಹಿಯೊಂದನ್ನು ನಿರ್ದೇಶಿಸಲು ಹೇಳಿದರು. ಹೋಗಿ ನೋಡಿದರೆ ಅದೇ ಪ್ಲೈವುಡ್ಡಿನ ಮನೆ. ಬಣ್ಣ ಬೇರೆ, ಸೊಸೆ ಬೇರೆ. ಒಂದು ಮಾತ್ರ ಬದಲಾಗಿತ್ತು. ಖರ್ಚು ಉಳಿಸಲೆಂದು ಚಾನೆಲ್ಲಿನವರು ಡಬ್ಬಿಂಗನ್ನೇ ನಿಲ್ಲಿಸಿಬಿಟ್ಟಿದ್ದರು. ಇದ್ದಬದ್ದವರ ದನಿಯನ್ನು ಹಾಗೆಯೇ ಸೆಟ್ಟಿನಲ್ಲೇ ಹಿಡಿದುಬಿಡುವುದು. ಅವಳು ಯಾವುದಕ್ಕಾಗಿ ಒಂದು ಸಿನಿಮಾವನ್ನೇ ಮುಳುಗಿಸಿಕೊಂಡಳೋ ಅದು ಇಲ್ಲಿ ಯಾರೂ ಕೇಳದೆ, ಉಳಿತಾಯದ ಲೆಕ್ಕದಲ್ಲಿ ಬಂದು ಕೂತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಒಪ್ಪಿಗೆಗೆ ಸಹಿ ಹಾಕಿದಳು.

ಹಾಗಾದರೆ ಡಬ್ಬಿಂಗಕ್ಕ ಏನು ಮಾಡುತ್ತಿದ್ದಾಳೆ ಎಂಬ ಯೋಚನೆ ಮನೆಗೆ ಬರುವ ದಾರಿಯಲ್ಲಿ ಬಂತು. ವಿಚಾರಿಸಿದರೆ, ಏನೂ ಮಾಡುತ್ತಿರಲಿಲ್ಲ. ಆ ಡಬ್ಬಿಂಗ್ ಕೋಣೆಯನ್ನು ಈಗ ಯಾರೋ ಗೋದಾಮು ಮಾಡಿಕೊಂಡಿದ್ದರು.

ಧಾರಾವಾಹಿಯಲ್ಲಿ ಒಬ್ಬ ಸೋದರತ್ತೆಯ ಪಾತ್ರವಿತ್ತು. ದೊಡ್ಡಸೊಸೆ ಮತ್ತೆ ಡಬ್ಬಿಂಗಕ್ಕನ ಮನೆಗೆ ಹೋದಳು. ಡಬ್ಬಿಂಗಕ್ಕ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು.

“ಈ ಮುಖಾನಾ? ಕ್ಯಾಮೆರಾ ಒಡೆದು ಹೋಗತ್ತೆ.”

“ಒಡೆದ್ರೆ ಚಾನೆಲ್ಲಿಂದು. ಬನ್ನಿ ಅಕ್ಕ.”

“ಕರುಣೆ ತೋರ್ಸೋಕೆ ಬಂದಿದ್ದೀಯಾ?”

“ನನಗೆ ಸುಸ್ತಾಗಿದೆ ಅಕ್ಕ, ಕರುಣೆ ತೋರ್ಸೋಕೂ ಶಕ್ತಿ ಇಲ್ಲ. ಒಳ್ಳೆ ದನಿಯವರು ಬೇಕು. ಬರ್ತೀರೋ ಇಲ್ವೋ?”

ಡಬ್ಬಿಂಗಕ್ಕ ಅವಳ ಮುಖವನ್ನು ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಒಳಗೆ ಬಾ. ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೆ, ನೀನು ನೋಡಿದ್ರೆ ನಿದ್ದೇನೇ ಮಾಡ್ತಿಲ್ಲ.”

ಮೊದಲ ದಿನ ಡಬ್ಬಿಂಗಕ್ಕ ಮಫ್ಲರು ಬಿಚ್ಚಿ ಸೋಫಾದ ಮೇಲೆ ಕೂತಳು. ಮಾತೆಲ್ಲ ಬಾಯಿಪಾಠವಾಗಿತ್ತು. “ಆಕ್ಷನ್” ಎಂದರು. ಡಬ್ಬಿಂಗಕ್ಕ ಸುಮ್ಮನೆ ಕೂತೇ ಇದ್ದಳು. ಮತ್ತೊಮ್ಮೆ ಹೇಳಿದರೂ ಅಷ್ಟೇ. ಕಣ್ಣು ಎದುರಿಗಿನ ಜಾಗದಲ್ಲಿ ಏನನ್ನೋ ಹುಡುಕುತ್ತಿತ್ತು, ತುಟಿ ತೆರೆಯುತ್ತಿರಲಿಲ್ಲ. ಲೈಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬ್ಬಿಂಗಕ್ಕನ ಹಣೆಯಲ್ಲಿ ಬೆವರು ಮೂಡಿತು.

“ಶುರು ಮಾಡೋದು ಹೇಗೆ ಅಂತಾನೇ ತಿಳೀತಿಲ್ಲ ಕಣೆ,” ಎಂದಳು ಮೆಲ್ಲಗೆ. “ಯಾರ ತುಟಿ ನೋಡ್ಲಿ?”

ದೊಡ್ಡಸೊಸೆಗೆ ಅರ್ಥವಾಯಿತು. ಇಡೀ ಆಯುಷ್ಯ ಇನ್ನೊಬ್ಬರ ತುಟಿ ಅಲುಗಿದ ಮೇಲೆಯೇ ಮಾತು ಹೊರಡಿಸಿದವಳು ಅವಳು. ಮಾನಿಟರಿನ ಹಿಂದಿನಿಂದ ಎದ್ದು ಬಂದು, ಕ್ಯಾಮೆರಾದ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತಳು.

“ನನ್ನದು ನೋಡಿ” ಎಂದಳು.

“ಆಕ್ಷನ್” ಎಂದ ಮೇಲೆ ದೊಡ್ಡಸೊಸೆ ಸದ್ದಿಲ್ಲದೆ ಆ ಮಾತುಗಳನ್ನು ತುಟಿಯಲ್ಲಿ ಆಡಿದಳು. ಅರೆಗಳಿಗೆಯ ಹಿಂದೆಯೇ ಸೋಫಾದ ಕಡೆಯಿಂದ ಡಬ್ಬಿಂಗಕ್ಕನ ದನಿ ಎದ್ದು ಬಂತು. ಮೂರನೆಯ ಮಾತಿನ ಹೊತ್ತಿಗೆ ದೊಡ್ಡಸೊಸೆ ತುಟಿ ನಿಲ್ಲಿಸಿ ನೋಡಿದಳು. ಡಬ್ಬಿಂಗಕ್ಕ ತಡವರಿಸಿದಳು, ತಪ್ಪಿದಳು. ಮತ್ತೆ ಮೊದಲಿಂದ. ಈ ಸಲ ದೊಡ್ಡಸೊಸೆ ಕೊನೆಯವರೆಗೂ ತುಟಿಯಾಡಿಸಿದಳು. ಅದು ಓಕೆಯಾಯಿತು.

ಡಬ್ಬಿಂಗಕ್ಕ ಎದ್ದು ಬಂದು ಮಾನಿಟರಿಗೆ ಬಗ್ಗಿ ತನ್ನನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

“ಇಷ್ಟು ವಯಸ್ಸಾಗಿಬಿಡ್ತಾ ನನಗೆ?”

“ಆಗಿದೆ ಅಕ್ಕ,” ಎಂದಳು ದೊಡ್ಡಸೊಸೆ, ಸೊಂಟ ಹಿಡಿದುಕೊಂಡು ಏಳುತ್ತ. “ಹೋಗಿ ಕೂತ್ಕೊಳ್ಳಿ. ಇನ್ನೂ ಏಳು ಶಾಟ್ ಇದೆ.”